ಹಿಂದಿಕ್ಕುವವರು ಒಂದೂವರೆ ಮೀಟರ್ ಬಿಡಲಿ: ಮೈಸೂರು, ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳು

ವಿಷಯ: ಸೈಕಲ್ ಸವಾರರು, ಕುದುರೆ ಸವಾರರು, ಟಾಂಗಾ ಮತ್ತು ಎತ್ತಿನಗಾಡಿಗಳನ್ನು ಮೋಟಾರು ವಾಹನಗಳು ಹಿಂದಿಕ್ಕುವಾಗ ಬಿಡಬೇಕಾದ ಅಂತರದ ಬಗ್ಗೆ ಮನವಿ.

ಮಾನ್ಯರೇ,

ಮೈಸೂರಿನ ನಿವಾಸಿಯಾದ ನಾನು ನಗರದೊಳಗಿನ ಓಡಾಟಕ್ಕೂ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಕಡೆಗೆ ಹೋಗಿಬರುವುದಕ್ಕೂ ಬಹುಕಾಲದಿಂದ ಸೈಕಲ್ಲನ್ನೇ ನೆಚ್ಚಿಕೊಂಡಿದ್ದೇನೆ. ಈ ಎರಡೂ ಜಿಲ್ಲೆಗಳ ರಸ್ತೆಗಳಲ್ಲಿ ದಿನವೂ ಎದುರಾಗುವ, ಆದರೆ ಯಾವ ಠಾಣೆಯ ಕಡತಕ್ಕೂ ಸೇರದ ಒಂದು ಅಪಾಯವನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ. ಬಸ್ಸು, ಲಾರಿ, ಕಾರುಗಳು ನಿಧಾನವಾಗಿ ಸಾಗುವವರನ್ನು ಹಿಂದಿಕ್ಕುವಾಗ ಮೈಗೆ ಉಜ್ಜುವಷ್ಟು ಹತ್ತಿರದಿಂದ ಹಾದುಹೋಗುತ್ತವೆ. ತಾಗಿದರೆ ಅದು ಅಪಘಾತವೆನಿಸಿಕೊಳ್ಳುತ್ತದೆ. ತಾಗದೆ ಹೋದರೆ ಏನೂ ನಡೆದೇ ಇಲ್ಲವೆಂದು ಎಲ್ಲರೂ ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಕೂದಲೆಳೆಯಲ್ಲಿ ಪಾರಾದವರ, ಪಾರಾದ ಮೇಲೆ ಹೆದರಿ ಸೈಕಲ್ಲನ್ನು ಜಗಲಿಗೆ ಒರಗಿಸಿಬಿಟ್ಟವರ, ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿದ ತಂದೆತಾಯಿಯರ ಲೆಕ್ಕವನ್ನು ಅಂಥ ಯಾವ ವರದಿಯೂ ಇಡುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಕಬ್ಬು ಅರೆಯುವ ಹಂಗಾಮಿನ ಒಂದು ಬೆಳಿಗ್ಗೆ, ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ನನ್ನಿಂದ ಸ್ವಲ್ಪ ಮುಂದೆ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಹ್ಯಾಂಡಲಿಗೆ ಊಟದ ಚೀಲ ನೇತುಹಾಕಿಕೊಂಡು ಡಾಂಬರಿನ ಎಡ ಅಂಚಿನಲ್ಲೇ ಸೈಕಲ್ ತುಳಿಯುತ್ತಿದ್ದಳು. ಹಿಂದಿನಿಂದ ಬಂದ ಬಸ್ಸೊಂದು ನನ್ನನ್ನು ದಾಟಿ ಅವಳನ್ನೂ ದಾಟಲು ಹೊರಟಿತು. ಬಸ್ಸಿನ ಮುಂಭಾಗ ಅವಳ ಪಕ್ಕದಿಂದ ಮುಂದೆ ಸರಿಯುವಾಗ ನಡುವೆ ಒಂದಿಷ್ಟು ಜಾಗವಿತ್ತು. ಅಷ್ಟರಲ್ಲಿ ಎದುರಿಗೆ ಕಾರು ಕಾಣಿಸಿತು. ಚಾಲಕರು ವೇಗ ತಗ್ಗಿಸಿ ಅವಳ ಹಿಂದೆಯೇ ಉಳಿಯಬಹುದಿತ್ತು. ಬದಲಿಗೆ ಬಸ್ಸನ್ನು ಎಡಕ್ಕೆ ಎಳೆದರು. ಬಸ್ಸಿನ ಅರ್ಧ ಉದ್ದ ಇನ್ನೂ ಅವಳ ಬಲಗಡೆಯೇ ಇತ್ತು. ಹಿಂದಿನ ಚಕ್ರವೂ ಅದರ ಮೇಲಿನ ತಗಡಿನ ಮೈಯೂ ಅವಳ ಮೊಣಕೈ ಕಡೆಗೆ ಸರಿಯುತ್ತ ಬಂದದ್ದನ್ನು ನಾನು ಹಿಂದಿನಿಂದ ನೋಡಿದೆ. ಅವಳು ಡಾಂಬರು ಬಿಟ್ಟು ಪಕ್ಕದ ಜಲ್ಲಿಗೆ ಇಳಿದಳು, ಮುಂದಿನ ಚಕ್ರ ಜಾರಿತು, ಒಂದು ಕಾಲು ಊರಿ ಹೇಗೋ ನಿಂತುಕೊಂಡಳು. ನಾನು ಹತ್ತಿರ ಹೋಗುವ ಹೊತ್ತಿಗೆ ಕಳಚಿದ ಚೈನನ್ನು ಹಲ್ಲಿಗೆ ಕೂರಿಸುತ್ತಿದ್ದಳು. ಪೆಟ್ಟಾಯಿತೇನಮ್ಮ ಎಂದು ಕೇಳಿದ್ದಕ್ಕೆ, "ಇಲ್ಲ ಸಾ, ದಿನಾ ಹಿಂಗೇಯಾ, ನಾವೇ ಕೆಳಿಕ್ ಇಳ್ಕತೀವಿ" ಎಂದಳು. ಅವಳ ದನಿಯಲ್ಲಿ ದೂರು ಕೂಡ ಇರಲಿಲ್ಲ. ಹದಿಮೂರು ಹದಿನಾಲ್ಕರ ಮಗು ಇದನ್ನು ರಸ್ತೆಯ ನಿಯಮವೆಂದೇ ಕಲಿತುಬಿಟ್ಟಿರುವುದು ನನಗೆ ಬಸ್ಸಿನ ಆ ಓಟಕ್ಕಿಂತ ಹೆಚ್ಚಿನ ಗಾಬರಿ ಹುಟ್ಟಿಸಿತು.

ಸೈಕಲ್ಲಿನವರು ಇನ್ನಷ್ಟು ಎಡಕ್ಕೆ ಸರಿಯಬಾರದೇ ಎಂದು ಸ್ಟಿಯರಿಂಗ್ ಹಿಡಿದವರು ಕೇಳುವುದುಂಟು. ನಮ್ಮ ರಸ್ತೆಗಳ ಎಡ ಅಂಚು ಹೇಗಿರುತ್ತದೆಂದು ಕಾರಿನೊಳಗಿಂದ ಕಾಣುವುದಿಲ್ಲ. ಡಾಂಬರಿನ ಅಂಚು ಒಡೆದು ಪಕ್ಕದ ಮಣ್ಣಿಗಿಂತ ಗೇಣು ಎತ್ತರದಲ್ಲಿ ನಿಂತಿರುತ್ತದೆ. ನಗರದೊಳಗಾದರೆ ಚರಂಡಿಯ ಕಬ್ಬಿಣದ ಜಾಲರಿ, ಕೂಡಿಬಿದ್ದ ಮರಳು, ಗಾಜಿನ ಚೂರು, ನಿಲ್ಲಿಸಿದ ಕಾರಿನಿಂದ ತಟಕ್ಕನೆ ತೆರೆದುಕೊಳ್ಳುವ ಬಾಗಿಲು. ಮಳೆಗಾಲದಲ್ಲಿ ನೀರು ನಿಂತರೆ ಗುಂಡಿಯ ಆಳವೂ ಗೊತ್ತಾಗುವುದಿಲ್ಲ. ಹೀಗಾಗಿ ಅನುಭವವುಳ್ಳ ಸವಾರ ಅಂಚಿನಿಂದ ಎರಡಡಿಯಷ್ಟು ಒಳಗೆ ತುಳಿಯುತ್ತಾನೆ, ಮುಂದೆ ಗುಂಡಿ ಕಂಡರೆ ತುಸು ಬಲಕ್ಕೆ ಸರಿಯುತ್ತಾನೆ. ಎರಡು ಚಕ್ರದ ಮೇಲೆ ಸಮತೋಲ ಕಾಯ್ದುಕೊಳ್ಳುವಾಗ ಹ್ಯಾಂಡಲು ಅತ್ತಿತ್ತ ಆಡಲೇಬೇಕು. ಏರಿನಲ್ಲಿ, ಎದುರುಗಾಳಿಯಲ್ಲಿ, ಹಿಂದೆ ಮಗುವನ್ನೋ ಹಾಲಿನ ಕ್ಯಾನನ್ನೋ ಹೊತ್ತಿರುವಾಗ ಆ ಓಲಾಟ ಹೆಚ್ಚು. ದೊಡ್ಡ ವಾಹನ ವೇಗವಾಗಿ ಹತ್ತಿರದಿಂದ ಹಾದರೆ ಅದರ ಮುಂಭಾಗ ತಳ್ಳಿದ ಗಾಳಿ ಸವಾರನನ್ನು ಮೊದಲು ಹೊರಕ್ಕೆ ನೂಕುತ್ತದೆ, ಮರುಕ್ಷಣ ವಾಹನದ ಮೈಯುದ್ದಕ್ಕೂ ಒಳಕ್ಕೆ ಸೆಳೆಯುತ್ತದೆ. ಅಂಥ ಹೊತ್ತಿನಲ್ಲಿ ಒಂದಡಿ ಅಂತರವಿದ್ದರೆ ಅದು ಇಲ್ಲದಿದ್ದಂತೆಯೇ.

ಇನ್ನು ರಸ್ತೆಯ ಅಗಲದ ಲೆಕ್ಕವನ್ನೇ ನೋಡೋಣ, ಏಕೆಂದರೆ ನನ್ನ ಮನವಿಯೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಸಾಮಾನ್ಯ ದ್ವಿಪಥ ರಸ್ತೆಯ ಅಗಲ 7 ಮೀಟರ್, ಅಂದರೆ ಒಂದು ಪಥಕ್ಕೆ 3.5 ಮೀಟರ್. ಬಸ್ಸಿಗೆ ನಿಯಮ ಒಪ್ಪುವ ಗರಿಷ್ಠ ಅಗಲ 2.6 ಮೀಟರ್. ಸೈಕಲ್ಲಿನ ಚಕ್ರ ಅಂಚಿನಿಂದ 60 ಸೆಂಟಿಮೀಟರ್ ಒಳಗಿದೆ ಎಂದುಕೊಂಡರೆ, ಹ್ಯಾಂಡಲಿನ ಬಲ ತುದಿ ಅಂಚಿನಿಂದ ಸುಮಾರು 90 ಸೆಂಟಿಮೀಟರ್ ಒಳಗೆ ಬರುತ್ತದೆ. ಪಥದಲ್ಲಿ ಉಳಿಯುವುದು 2.6 ಮೀಟರ್. ಅಂದರೆ ತನ್ನ ಪಥ ಬಿಡದೆ ಸೈಕಲ್ಲನ್ನು ದಾಟಲು ಹೊರಟ ಬಸ್ಸಿಗೂ ಸವಾರನ ಕೈಗೂ ನಡುವೆ ಉಳಿಯುವ ಅಂತರ ಸೊನ್ನೆ. ಪಕ್ಕದ ಕನ್ನಡಿಗಳನ್ನು ಇದರಲ್ಲಿ ಸೇರಿಸಿಲ್ಲ. ಒಂದೂವರೆ ಮೀಟರ್ ಬಿಟ್ಟು ದಾಟಬೇಕಾದರೆ ಬಸ್ಸಿನ ಬಲಮೈ ನಡುಗೆರೆಯನ್ನು ಮೀರಿ ಅಷ್ಟೇ ದೂರ ಎದುರು ಪಥಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಸೈಕಲ್ಲನ್ನು ಹಿಂದಿಕ್ಕುವುದಕ್ಕೂ ಒಂದು ಕಾರನ್ನು ಹಿಂದಿಕ್ಕುವುದಕ್ಕೂ ಚಾಲಕ ಮಾಡಬೇಕಾದ ಕೆಲಸದಲ್ಲಿ ವ್ಯತ್ಯಾಸವಿಲ್ಲ: ಎದುರಿನ ಪಥ ಖಾಲಿಯಿದ್ದರೆ ಅತ್ತ ಸರಿದು ಪೂರ್ತಿ ದಾಟಿದ ಮೇಲೆಯೇ ಎಡಕ್ಕೆ ಬರಬೇಕು, ಖಾಲಿಯಿಲ್ಲದಿದ್ದರೆ ಹಿಂದೆಯೇ ಕಾಯಬೇಕು. ನಮ್ಮಲ್ಲಿ ಕಾರಿನ ಹಿಂದೆ ಕಾಯುವ ಚಾಲಕರೇ ಸೈಕಲ್ ಕಂಡೊಡನೆ ಎದುರಿನ ವಾಹನಕ್ಕೂ ಸವಾರನಿಗೂ ನಡುವೆ ತೂರುತ್ತಾರೆ. ರಸ್ತೆಯಲ್ಲಿ ಸೈಕಲ್ಲಿಗೂ ಒಂದು ಜಾಗವಿದೆ ಎಂದು ಅವರಿಗೆ ಯಾರೂ ಕಲಿಸಿಲ್ಲ.

ಕಾದರೆ ಎಷ್ಟು ಹೊತ್ತು ನಷ್ಟವಾದೀತು? ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ಲಿನ ಹಿಂದೆ 100 ಮೀಟರ್ ಸಾಗಲು 24 ಸೆಕೆಂಡು ಬೇಕು. ಅದೇ ದೂರಕ್ಕೆ 40 ಕಿಲೋಮೀಟರ್ ವೇಗದಲ್ಲಿ 9 ಸೆಕೆಂಡು. ಉಳಿತಾಯವಾಗುವುದು ಹದಿನೈದು ಸೆಕೆಂಡು. ಆ ಹದಿನೈದು ಸೆಕೆಂಡಿಗಾಗಿ ಒಬ್ಬರ ಜೀವವನ್ನು ಪಣಕ್ಕಿಡುವುದನ್ನು ಸಮಯಪಾಲನೆ ಎಂದು ಯಾರೂ ಕರೆಯಲಾರರು. ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂಬ ಒತ್ತಡ ಚಾಲಕರ ಮೇಲೆ ಇರುತ್ತದೆಂಬುದನ್ನು ನಾನು ಬಲ್ಲೆ, ಅದರ ಬಗ್ಗೆ ಸಹಾನುಭೂತಿಯೂ ಇದೆ. ಆ ಒತ್ತಡವನ್ನು ಹೇರುವವರು ಅದರ ಹೊಣೆಯನ್ನೂ ಹೊರಬೇಕು.

ಕುದುರೆಗಳ ವಿಷಯಕ್ಕೆ ಬರುತ್ತೇನೆ. ಕುದುರೆ ರಸ್ತೆಗಿಳಿಯುವ ಊರು ಈಗ ಹೆಚ್ಚು ಉಳಿದಿಲ್ಲ, ಮೈಸೂರು ಅಂಥ ಒಂದು ಊರು. ಅಶ್ವಾರೋಹಿ ಪೊಲೀಸ್ ದಳ ಇಲ್ಲಿದೆ, ರೇಸ್ ಕೋರ್ಸ್ ಇದೆ, ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಟಾಂಗಾ ಮತ್ತು ಸಾರೋಟುಗಳಿವೆ. ದಸರೆಯ ದಿನಗಳಲ್ಲಿ ಸಾಂಪ್ರದಾಯಿಕ ಉಡುಗೆ ತೊಟ್ಟ ದಂಪತಿಗಳನ್ನು ಟಾಂಗಾದಲ್ಲಿ ಕೂರಿಸಿ ಪಾರಂಪರಿಕ ಕಟ್ಟಡಗಳನ್ನು ತೋರಿಸುವ ಕಾರ್ಯಕ್ರಮವನ್ನು ಸರ್ಕಾರವೇ ನಡೆಸುತ್ತದೆ. ಕುಶಾಲತೋಪಿನ ಶಬ್ದಕ್ಕೆ ಆನೆ, ಕುದುರೆಗಳು ಬೆದರಬಾರದೆಂದು ಜಂಬೂಸವಾರಿಗೆ ವಾರಗಳ ಮೊದಲೇ ಫಿರಂಗಿ ಸಿಡಿಸಿ ತಾಲೀಮು ಕೊಡಲಾಗುತ್ತದೆ. ಬೆದರಿದ ಕುದುರೆ ಏನು ಮಾಡಬಲ್ಲದೆಂದು ನಮ್ಮ ಆಡಳಿತಕ್ಕೆ ಚೆನ್ನಾಗಿ ಗೊತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ವರ್ಷದ ಮಿಕ್ಕೆಲ್ಲ ದಿನ ಟಾಂಗಾದ ಕುದುರೆಯ ಕಿವಿಯ ಹಿಂದೆಯೇ ಏರ್ ಹಾರನ್ ಮೊಳಗುವುದನ್ನು ಯಾರೂ ತಡೆಯುವುದಿಲ್ಲ.

ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ; ಕಾಣದಿರುವುದು ಮುಖ್ಯವಾಗಿ ನೇರ ಹಿಂಬದಿ. ಟಾಂಗಾದ ಕುದುರೆಗೆ ಕಣ್ಣುಪಟ್ಟಿಯನ್ನೂ ಕಟ್ಟಿರುತ್ತಾರೆ. ಹಾಗಾಗಿ ಹಿಂದಿನಿಂದ ಬರುವ ವಾಹನ ಅದಕ್ಕೆ ಕೇಳಿಸುತ್ತದೆಯೇ ಹೊರತು ಕಾಣಿಸುವುದಿಲ್ಲ, ಕಾಣಿಸುವ ಹೊತ್ತಿಗೆ ವಾಹನ ಕಣ್ಣಿನ ಪಕ್ಕದಲ್ಲೇ ಇರುತ್ತದೆ. ಓಡಿ ತಪ್ಪಿಸಿಕೊಳ್ಳುವುದೇ ಆ ಪ್ರಾಣಿಯ ಸಹಜ ಸ್ವಭಾವ. ಅರಮನೆಯ ವರಾಹ ದ್ವಾರದ ಕಡೆಯ ರಸ್ತೆಯಲ್ಲಿ ನಾನು ಕಂಡದ್ದು ಹೀಗಿತ್ತು. ಒಂದು ಕುಟುಂಬವನ್ನು ಕೂರಿಸಿಕೊಂಡು ಹೋಗುತ್ತಿದ್ದ ಟಾಂಗಾದ ಹಿಂದೆ ಬಂದ ಕಾರು ಉದ್ದಕ್ಕೆ ಹಾರನ್ ಒತ್ತಿತು. ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಅಡ್ಡಕ್ಕೆ ಜಿಗಿಯಿತು. ಲಾಳ ಕಟ್ಟಿದ ಗೊರಸು ನುಣುಪಾದ ಡಾಂಬರಿನ ಮೇಲೆ ಜಾರಿ ಹಿಂಗಾಲು ಒಂದು ಗಳಿಗೆ ಕುಸಿಯಿತು. ಟಾಂಗಾದವರು ಎದ್ದುನಿಂತು ಎಡಗೈಯಲ್ಲಿ ಲಗಾಮು ಬಿಗಿಹಿಡಿದು, ಬಲಗೈಯನ್ನು ಹೊರಕ್ಕೆ ಚಾಚಿ ನಿಲ್ಲಿಸುವಂತೆ ಕಾರಿಗೆ ಸನ್ನೆ ಮಾಡಿದರು. ಕಾರು ನಿಲ್ಲಲಿಲ್ಲ. ಚಾಚಿದ ಆ ಕೈಯನ್ನು ಸವರಿಕೊಂಡೇ ಮುಂದೆ ಹೋಯಿತು. ಗಾಡಿಯಲ್ಲಿದ್ದ ಮಗು ಅಳುತ್ತಿತ್ತು, ಅದರ ತಾಯಿ ಇಳಿಸಿಬಿಡಿ ಎನ್ನುತ್ತಿದ್ದರು, ಟಾಂಗಾದವರು ಇಳಿದು ಕುದುರೆಯ ಕೊರಳು ಸವರುತ್ತ ಬಹಳ ಹೊತ್ತು ನಿಂತರು. ಆ ದಿನದ ದುಡಿಮೆಯಲ್ಲಿ ಒಂದು ಬಾಡಿಗೆ ಹೋಯಿತು.

ಕೈ ಚಾಚಿ ವಾಹನ ನಿಲ್ಲಿಸುವಂತೆ ಕೋರಿದ ಆ ಟಾಂಗಾದವರು ಕಾನೂನು ತಮಗೆ ಕೊಟ್ಟ ಹಕ್ಕನ್ನೇ ಚಲಾಯಿಸಿದ್ದರು. 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಂ ಪ್ರಕಾರ, ತನ್ನ ಪ್ರಾಣಿ ವಾಹನಕ್ಕೆ ಬೆದರಿ ಹತೋಟಿ ತಪ್ಪೀತು ಎಂದು ಅದನ್ನು ನೋಡಿಕೊಳ್ಳುತ್ತಿರುವವನಿಗೆ ಅನ್ನಿಸಿ ಅವನು ನಿಲ್ಲಿಸಲು ಕೇಳಿದರೆ, ಚಾಲಕ ವಾಹನವನ್ನು ನಿಲ್ಲಿಸಲೇಬೇಕು, ಅಗತ್ಯವಿರುವಷ್ಟು ಹೊತ್ತು ನಿಂತಿರಲೇಬೇಕು. ಕುದುರೆ, ಎತ್ತು, ದನ, ಕುರಿಮಂದೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಚಾಲನಾ ಪರವಾನಗಿ ಇರುವ ನನ್ನ ಪರಿಚಿತರಲ್ಲಿ ಹಲವರನ್ನು ಕೇಳಿದ್ದೇನೆ. ಹೀಗೊಂದು ಕಲಂ ಇದೆಯೆಂದು ಬಲ್ಲವರು ಒಬ್ಬರೂ ಸಿಗಲಿಲ್ಲ. ಟಾಂಗಾದವರಿಗೂ ಗೊತ್ತಿಲ್ಲ, ಗಾಡಿ ಹೊಡೆಯುವ ರೈತರಿಗೂ ಗೊತ್ತಿಲ್ಲ.

ಕಾಯ್ದೆಯಲ್ಲಿ ಇನ್ನೂ ಕೆಲವು ಅಸ್ತ್ರಗಳಿವೆ. 2019ರ ತಿದ್ದುಪಡಿಯ ನಂತರ 184ನೇ ಕಲಂ ಅಪಾಯಕಾರಿ ಚಾಲನೆಯ ವಿವರಣೆಯಲ್ಲಿ, ಕಾನೂನಿಗೆ ವಿರುದ್ಧವಾಗಿ ಬೇರೆ ವಾಹನಗಳನ್ನು ದಾಟುವುದು ಅಥವಾ ಹಿಂದಿಕ್ಕುವುದನ್ನು ಸ್ಪಷ್ಟವಾಗಿ ಹೆಸರಿಸಿದೆ. ಮೊದಲ ತಪ್ಪಿಗೆ 1,000 ರೂಪಾಯಿಯಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಅನಗತ್ಯವಾಗಿ ಹಾರನ್ ಮಾಡಿದರೆ 194ಎಫ್ ಕಲಂ ಪ್ರಕಾರ ಮೊದಲ ಸಲಕ್ಕೆ 1,000, ಮತ್ತೆ ಮಾಡಿದರೆ 2,000 ರೂಪಾಯಿ ದಂಡವಿದೆ. 2017ರ ಚಾಲನಾ ವಿನಿಯಮಗಳು ಇತರರಿಗೆ ಅಪಾಯವಾಗದಂತೆ ಹಿಂದಿಕ್ಕಬೇಕೆಂದು ಹೇಳುತ್ತವೆ. ಕೊರತೆಯಿರುವುದು ಒಂದು ಅಂಕಿಯಲ್ಲಿ. ಎಷ್ಟು ಹತ್ತಿರ ಹೋದರೆ ಅಪಾಯ ಎಂಬುದನ್ನು ಮೀಟರಿನ ಲೆಕ್ಕದಲ್ಲಿ ಹೇಳದೆ ಇರುವುದರಿಂದ ಅದು ಚಾಲಕನ ಅಂದಾಜಿಗೆ ಬಿಟ್ಟ ಮಾತಾಗಿದೆ, ಮತ್ತು ಚಾಲಕನ ಅಂದಾಜು ಯಾವಾಗಲೂ "ತಾಗಲಿಲ್ಲವಲ್ಲ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ವೇಗಕ್ಕೆ ಮಿತಿ ಇಷ್ಟೆಂದು ಫಲಕ ಹಾಕಿರುವಾಗ ಅಂತರಕ್ಕೂ ಹಾಗೆಯೇ ಒಂದು ಅಳತೆ ಬೇಡವೇ?

ಅಳತೆಯನ್ನು ಗೊತ್ತುಮಾಡಿದ ದೇಶಗಳಿವೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯನ್ನು 2022ರ ಜನವರಿಯಲ್ಲಿ ಪರಿಷ್ಕರಿಸಿದಾಗ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ ಸವಾರರನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಬಿಡಬೇಕು, ವೇಗ ಅದಕ್ಕಿಂತ ಹೆಚ್ಚಿದ್ದರೆ ಅಂತರವನ್ನೂ ಹೆಚ್ಚಿಸಬೇಕು ಎಂದು ಸೇರಿಸಿದರು. ಕುದುರೆ ಸವಾರರನ್ನೂ ಕುದುರೆ ಗಾಡಿಗಳನ್ನೂ ದಾಟುವಾಗ ವೇಗ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್ ಮೀರಬಾರದು, ಕನಿಷ್ಠ 2 ಮೀಟರ್ ಜಾಗ ಬಿಡಬೇಕು ಎಂಬುದೂ ಅಲ್ಲಿದೆ. ಜರ್ಮನಿ 2020ರಲ್ಲಿ ಸೈಕಲ್ ಸವಾರರಿಗೆ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಎಂದು ಕಾನೂನಿನಲ್ಲೇ ಬರೆಯಿತು. ಬರೆದದ್ದನ್ನು ಜಾರಿ ಮಾಡುವುದು ಹೇಗೆಂಬುದಕ್ಕೂ ಮಾದರಿಯುಂಟು. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಸಾದಾ ಉಡುಪಿನ ಪೊಲೀಸರನ್ನೇ ಕ್ಯಾಮೆರಾ ಕಟ್ಟಿದ ಸೈಕಲ್ಲುಗಳ ಮೇಲೆ ರಸ್ತೆಗೆ ಕಳಿಸಿದರು. ತೀರ ಹತ್ತಿರದಿಂದ ಹಿಂದಿಕ್ಕಿದ ವಾಹನದ ಸುದ್ದಿ ಮುಂದೆ ನಿಂತ ಸಹೋದ್ಯೋಗಿಗೆ ಮುಟ್ಟುತ್ತಿತ್ತು. ಅವರು ಚಾಲಕನನ್ನು ನಿಲ್ಲಿಸಿ, ನೆಲಕ್ಕೆ ಹಾಸಿದ ಚಾಪೆಯ ಮೇಲೆ ಗುರುತಿಸಿದ ಅಂತರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿ ತಿಳಿಹೇಳುತ್ತಿದ್ದರು. ಪದೇಪದೇ ತಪ್ಪು ಮಾಡುವವರ ಮೇಲೆ ಮೊಕದ್ದಮೆ ಹೂಡುತ್ತಿದ್ದರು. ಇದಕ್ಕೆ ದೊಡ್ಡ ಯಂತ್ರವೂ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.

ಅವರ ರಸ್ತೆಗಳು ಬೇರೆ, ನಮ್ಮವು ಬೇರೆ ಎಂಬ ಉತ್ತರ ಬರಬಹುದು. ನಮ್ಮ ರಸ್ತೆಗಳು ಕಿರಿದೆಂಬುದು ನಿಜ, ಆದರೆ ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಗಳು ನಮ್ಮ ಹಲವು ಜಿಲ್ಲಾ ರಸ್ತೆಗಳಿಗಿಂತಲೂ ಕಿರಿದು. ರಸ್ತೆ ಕಿರಿದಾದಷ್ಟೂ ಕಾಯಬೇಕಾದ ಅಗತ್ಯ ಹೆಚ್ಚುತ್ತದೆ. ಸೈಕಲ್ಲಿನವರೂ ನೆಟ್ಟಗಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಸಂಜೆಯ ಮೇಲೆ ಹಿಂದೀಪವಿಲ್ಲದೆ ಹೋಗುವವರು, ಮೂವರು ಸಾಲಾಗಿ ಹರಟುತ್ತ ರಸ್ತೆ ತುಂಬ ಹರಡಿಕೊಳ್ಳುವವರು, ಕೈ ತೋರಿಸದೆ ಬಲಕ್ಕೆ ತಿರುಗುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ತಿಳಿಹೇಳುವ ಯಾವ ಅಭಿಯಾನಕ್ಕೂ ನನ್ನಂಥವರು ಕೈಜೋಡಿಸುತ್ತೇವೆ. ಆದರೂ ಒಬ್ಬನ ತಪ್ಪಿನಿಂದ ಹೆಚ್ಚೆಂದರೆ ಕಾರಿಗೊಂದು ಗೀರು ಬೀಳುತ್ತದೆ, ಇನ್ನೊಬ್ಬನ ತಪ್ಪಿನಿಂದ ಹೆಣ ಬೀಳುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ.

ಮಂಡ್ಯ ಜಿಲ್ಲೆಯ ಮಟ್ಟಿಗೆ ಎತ್ತಿನಗಾಡಿಗಳನ್ನು ಬಿಟ್ಟು ಈ ಮಾತು ಪೂರ್ಣವಾಗುವುದಿಲ್ಲ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವ ಗಾಡಿಗಳ ಎರಡೂ ಬದಿಗೆ ಜಲ್ಲೆ ಚಾಚಿಕೊಂಡಿರುತ್ತದೆ; ಕತ್ತಲಲ್ಲಿ ಗಾಡಿಯ ಅಗಲ ಎಲ್ಲಿಗೆ ಮುಗಿಯಿತೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಎತ್ತುಗಳು ಕುದುರೆಯಷ್ಟು ಬೇಗ ಬೆದರದಿದ್ದರೂ, ಒಂದು ಎತ್ತು ಎಡಕ್ಕೆಳೆದರೆ ನೊಗದ ಜೊತೆ ಇಡೀ ಗಾಡಿ ಹೊರಳುತ್ತದೆ, ತುಂಬಿದ ಹೇರು ಮಗುಚುತ್ತದೆ. ಗಾಡಿಯ ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸ ಆಗಾಗ ನಡೆದಿದೆ, ಅದು ಒಳ್ಳೆಯದೇ. ಆದರೆ ಪಟ್ಟಿ ಕಂಡ ಮೇಲೆ ಎಷ್ಟು ದೂರ ಬಿಟ್ಟು ದಾಟಬೇಕೆಂದು ಚಾಲಕನಿಗೆ ಹೇಳುವ ಕೆಲಸ ಬಾಕಿ ಉಳಿದಿದೆ.

ಈ ರಸ್ತೆಗಳಿಗೆ ನಿಧಾನ ಸಂಚಾರದವರು ತಾವಾಗಿ ಬಂದು ಸೇರಿಕೊಂಡವರಲ್ಲ ಎಂಬುದನ್ನೂ ತಾವು ಗಮನಿಸಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್, ಮೋಟಾರಿಲ್ಲದ ವಾಹನಗಳನ್ನು ನಿಷೇಧಿಸಲಾಯಿತು. ವೇಗದ ಹೆದ್ದಾರಿಯಲ್ಲಿ ಅದು ಸರಿಯಾದ ಕ್ರಮವೇ. ಆದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳ ಸೈಕಲ್ಲು, ಗಾಡಿ, ಟ್ರ್ಯಾಕ್ಟರುಗಳೆಲ್ಲ ಸರ್ವಿಸ್ ರಸ್ತೆಗೆ ಇಳಿದವು. ಟೋಲ್ ಉಳಿಸಲು ಬರುವ ಕಾರುಗಳೂ, ಊರೂರಿಗೆ ನಿಲ್ಲುವ ಬಸ್ಸುಗಳೂ ಅಲ್ಲೇ ಓಡುತ್ತವೆ. ಹೆದ್ದಾರಿಯ ವೇಗವನ್ನು ಕಾಲಲ್ಲಿ ಹೊತ್ತು ತಂದ ಚಾಲಕರು ಅಲ್ಲಿ ಹಾಲು ಹಾಕಿ ಬರುವ ರೈತನ ಪಕ್ಕದಲ್ಲೇ ಹಾಯುತ್ತಾರೆ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ್ದು ಸರ್ಕಾರ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಹೆಸರಿನಲ್ಲಿ 450 ಸಾರ್ವಜನಿಕ ಸೈಕಲ್ಲುಗಳನ್ನು ರಸ್ತೆಗಿಳಿಸಿದ್ದೂ ಸರ್ಕಾರದ ಯೋಜನೆಯೇ. ಸೈಕಲ್ ತುಳಿಯಿರಿ ಎಂದು ಜನರನ್ನು ಕರೆದ ಮೇಲೆ ಅವರ ಬಲಗಡೆ ಒಂದೂವರೆ ಮೀಟರ್ ಜಾಗ ಕಾಯುವ ಹೊಣೆಯೂ ಕರೆದವರ ಮೇಲಿದೆ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನಾನು ವಿನಯಪೂರ್ವಕವಾಗಿ ಕೋರುವುದು ಹೀಗಿದೆ. ಮೊದಲನೆಯದಾಗಿ, ಸೈಕಲ್ ಸವಾರರಿಗೆ ಕನಿಷ್ಠ 1.5 ಮೀಟರ್, ಕುದುರೆ ಸವಾರರು, ಟಾಂಗಾ ಮತ್ತು ಎತ್ತಿನಗಾಡಿಗಳಿಗೆ ಕನಿಷ್ಠ 2 ಮೀಟರ್ ಅಂತರವನ್ನು ಎರಡೂ ಜಿಲ್ಲೆಗಳ ರಸ್ತೆ ಸುರಕ್ಷತಾ ಸಮಿತಿಗಳು ಅಧಿಕೃತ ಸಲಹೆಯಾಗಿ ಹೊರಡಿಸಬೇಕು. ಅದನ್ನು ಕಾನೂನಿನ ಅಳತೆಯಾಗಿಸುವಂತೆ ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರದ ಮೂಲಕ ರಾಜ್ಯಕ್ಕೂ ಕೇಂದ್ರಕ್ಕೂ ಶಿಫಾರಸು ಕಳಿಸಬೇಕು. ಕಾನೂನು ತಿದ್ದುಪಡಿ ತಡವಾಗಬಹುದು, ಆದರೆ ಸಲಹೆ ಹೊರಡಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಆ ಅಂತರವನ್ನು ಕನ್ನಡದಲ್ಲಿ, ಚಿತ್ರದೊಂದಿಗೆ, ದೂರದಿಂದಲೇ ಓದಲು ಬರುವ ಅಕ್ಷರಗಳಲ್ಲಿ ಫಲಕಗಳ ಮೇಲೆ ಹಾಕಿಸಬೇಕು. ಎಲ್ಲಿ ಎಂಬುದನ್ನು ಕಚೇರಿಯಲ್ಲಿ ಕೂತು ತೀರ್ಮಾನಿಸದೆ ಬೆಳಗಿನ ಏಳರಿಂದ ಹತ್ತರವರೆಗೆ ರಸ್ತೆಯಲ್ಲಿ ನಿಂತು ನೋಡಿ ತೀರ್ಮಾನಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಅನುಭವದಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಗಳು, ಪಾಂಡವಪುರ ಮತ್ತು ಕೆಆರ್‌ಎಸ್ ಕಡೆಯ ರಸ್ತೆಗಳು, ಮೈಸೂರಿನ ಹೊರ ವರ್ತುಲ ರಸ್ತೆಯನ್ನು ಹಳ್ಳಿಯ ದಾರಿಗಳು ಸೇರುವ ಕಡೆಗಳು, ಅರಮನೆಯ ಸುತ್ತಲಿನ ರಸ್ತೆಗಳು ಇದಕ್ಕೆ ಮೊದಲು ಆರಿಸಿಕೊಳ್ಳಬೇಕಾದವು. ಚಾಮುಂಡಿ ಬೆಟ್ಟದ ರಸ್ತೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಏರು ತುಳಿಯುವ ಸೈಕಲ್ ಸವಾರರನ್ನು ಎದುರೇನೂ ಕಾಣದ ತಿರುವಿನಲ್ಲೇ ಹಿಂದಿಕ್ಕುವುದು ಮಾಮೂಲಾಗಿದೆ; ತಿರುವುಗಳಲ್ಲಿ ಹಿಂದಿಕ್ಕುವುದನ್ನು ನಿಷೇಧಿಸುವ ಫಲಕ ಹಾಕಿದರೆ ಸಾಲದು, ರಜಾದಿನಗಳ ಮುಂಜಾವಿನಲ್ಲಿ ಒಬ್ಬ ಸಿಬ್ಬಂದಿಯನ್ನಾದರೂ ಅಲ್ಲಿ ನಿಲ್ಲಿಸಬೇಕು. ವೇಗಮಿತಿಗೆ ಮತ್ತು ಫಲಕಗಳಿಗೆ ಬೇಕಾದ ಅಧಿಕಾರ ಕಾಯ್ದೆಯ 112 ಮತ್ತು 116ನೇ ಕಲಂಗಳಲ್ಲಿದೆ. ಶಾಲೆಗಳಿರುವ ಸರ್ವಿಸ್ ರಸ್ತೆಯ ಭಾಗಗಳಲ್ಲಿ ಶಾಲಾ ಹೊತ್ತಿಗಾದರೂ ವೇಗಮಿತಿಯನ್ನು 30 ಕಿಲೋಮೀಟರಿಗೆ ಇಳಿಸಬೇಕು.

ಸಾರಿಗೆ ನಿಗಮದ ಮೈಸೂರು, ಮಂಡ್ಯ ವಿಭಾಗಗಳಿಗೂ ಖಾಸಗಿ ಬಸ್ಸು ಮಾಲೀಕರಿಗೂ ಕಬ್ಬು ಸಾಗಿಸುವ ಲಾರಿ, ಟ್ರ್ಯಾಕ್ಟರು ಗುತ್ತಿಗೆದಾರರಿಗೂ ತಾವು ಪತ್ರ ಬರೆದು, ಚಾಲಕರನ್ನು ಒಂದು ದಿನದ ಮಟ್ಟಿಗಾದರೂ ಸೈಕಲ್ಲಿನ ಮೇಲೆ ಕೂರಿಸಿ ಪಕ್ಕದಲ್ಲಿ ಬಸ್ಸು ಹಾಯಿಸಿ ತೋರಿಸುವ ತರಬೇತಿ ಏರ್ಪಡಿಸಬೇಕು. ಒಂದೂವರೆ ಮೀಟರ್ ಎಷ್ಟೆಂಬುದು ಉಪನ್ಯಾಸದಿಂದ ಮನಸ್ಸಿಗೆ ಇಳಿಯುವುದಿಲ್ಲ, ಮೈಗೆ ಗಾಳಿ ತಾಗಿದರೆ ಇಳಿಯುತ್ತದೆ. ಆರ್‌ಟಿಒ ಕಚೇರಿಗಳಲ್ಲಿ ಕಲಿಕಾ ಪರವಾನಗಿ ಪಡೆಯಲು ಬರುವವರಿಗೆ ಈ ಅಂತರವನ್ನೂ 132ನೇ ಕಲಮನ್ನೂ ಬರೆದ ಒಂದು ಪುಟದ ಹಾಳೆ ಕೊಟ್ಟರೆ ಅದಕ್ಕೆ ತಗಲುವ ಖರ್ಚು ಎಷ್ಟು ತಾನೇ ಆದೀತು? ಅದೇ ಹಾಳೆಯನ್ನು ಟಾಂಗಾ ನಿಲ್ದಾಣಗಳಿಗೂ ಹಾಲಿನ ಡೇರಿಗಳಿಗೂ ಸಕ್ಕರೆ ಕಾರ್ಖಾನೆಗಳ ಗೇಟಿಗೂ ತಲುಪಿಸಬೇಕು. ತಮ್ಮ ಹಕ್ಕು ಏನೆಂದು ಗಾಡಿ ಹೊಡೆಯುವವರಿಗೂ ಗೊತ್ತಿರಲಿ.

ಪೊಲೀಸ್ ಇಲಾಖೆಯ ಸಹಕಾರದಿಂದ ವೆಸ್ಟ್ ಮಿಡ್‌ಲ್ಯಾಂಡ್ಸ್ ಮಾದರಿಯ ಪ್ರಯೋಗವನ್ನು ಎರಡು ಜಿಲ್ಲೆಗಳಲ್ಲಿ ಒಂದೊಂದು ರಸ್ತೆಯಲ್ಲಿ ಮೂರು ತಿಂಗಳು ನಡೆಸಬೇಕೆಂಬುದು ನನ್ನ ಇನ್ನೊಂದು ಕೋರಿಕೆ. ಆರಂಭದಲ್ಲಿ ದಂಡಕ್ಕಿಂತ ತಿಳಿವಳಿಕೆಗೆ ಒತ್ತು ಇರಲಿ. ತಿಳಿದೂ ಮತ್ತೆ ಮಾಡುವವರ ಮೇಲೆ 184ನೇ ಕಲಂ ಪ್ರಕಾರ ಪ್ರಕರಣ ದಾಖಲಾಗಲಿ. ಕುದುರೆ ಗಾಡಿಗಳ ಹಿಂದೆ ಹಾರನ್ ಮಾಡುವವರ ಮೇಲೆ, ಕಣ್ಣೆದುರು ನಡೆದಾಗಲಾದರೂ, 194ಎಫ್ ಜಾರಿಯಾಗಲಿ. ನಿಷೇಧವಿರುವ ಕರ್ಕಶ ಹಾರನ್‌ಗಳನ್ನು ಬಸ್ ನಿಲ್ದಾಣಗಳಲ್ಲೇ ತಪಾಸಣೆ ಮಾಡಿ ಕಳಚಿಸಬಹುದು. ಜೊತೆಗೆ, ಡಿಕ್ಕಿಯಾಗದೆ ತಪ್ಪಿದ ಘಟನೆಗಳನ್ನು ಸೈಕಲ್ ಸವಾರರು ವಾಹನದ ನೋಂದಣಿ ಸಂಖ್ಯೆ ಮತ್ತು ವೀಡಿಯೊ ಸಮೇತ ತಿಳಿಸಲು ಒಂದು ವಾಟ್ಸ್ಆ್ಯಪ್ ಸಂಖ್ಯೆಯನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆ ಎಷ್ಟು ದೂರು ಬಂದವು, ಯಾವ ರಸ್ತೆಯಿಂದ ಬಂದವು, ಏನು ಕ್ರಮವಾಯಿತು ಎಂಬುದನ್ನು ಪ್ರಕಟಿಸಬೇಕು. ಜನ ಸತ್ತ ಮೇಲೆ ಆ ಜಾಗವನ್ನು ಅಪಘಾತ ವಲಯವೆಂದು ಗುರುತಿಸುವ ಈಗಿನ ಪದ್ಧತಿಗಿಂತ, ಯಾರೂ ಸಾಯುವ ಮೊದಲೇ ಅದನ್ನು ಗುರುತಿಸಲು ಇದರಿಂದ ಸಾಧ್ಯವಾಗುತ್ತದೆ.

ಮೇಲಿನ ವಿಷಯಗಳನ್ನು ಎರಡೂ ಜಿಲ್ಲೆಗಳ ರಸ್ತೆ ಸುರಕ್ಷತಾ ಸಮಿತಿಗಳ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ, ಆ ಸಭೆಗೆ ಸೈಕಲ್ ತುಳಿಯುವ ಒಬ್ಬ ವಿದ್ಯಾರ್ಥಿನಿ, ಒಬ್ಬ ಟಾಂಗಾ ಚಾಲಕರು ಮತ್ತು ಒಬ್ಬ ಗಾಡಿ ಹೊಡೆಯುವ ರೈತರನ್ನು ಆಹ್ವಾನಿಸಿ ಅವರ ಮಾತು ಕೇಳಬೇಕೆಂದೂ, ಸಭೆಯ ತೀರ್ಮಾನವನ್ನು ಸಾರ್ವಜನಿಕರಿಗೆ ಲಿಖಿತವಾಗಿ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಒಂದು ವೇಳೆ ಒಂದೂವರೆ ಮೀಟರ್ ನಮ್ಮ ರಸ್ತೆಗಳಿಗೆ ಸಾಧ್ಯವಿಲ್ಲವೆಂದು ಸಮಿತಿ ತೀರ್ಮಾನಿಸಿದರೆ, ಎಷ್ಟು ಸಾಧ್ಯ ಎಂಬುದನ್ನು ಕಾರಣ ಸಹಿತ ಅದೇ ತೀರ್ಮಾನದಲ್ಲಿ ನಮೂದಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಸೈಕಲ್ ಸವಾರ